ಮುರುಗೇಶಪ್ಪನ ಬಂದೂಕಿಗೆ ಅಳತೆ ತೆಗೆದದ್ದು

ಕೊಟ್ರಪ್ಪನವರು ಬದುಕಿದ್ದಾಗ ಮಾಡಿಸಿದ ತಗಡಿನ ಗೇಟು ಕೊಟ್ರಪ್ಪನವರ ಹೆಗಲಿಗೆ ಬರುತ್ತಿತ್ತು. ಅದೇ ಗೇಟು ಅವರ ಮಗ ಮುರುಗೇಶಪ್ಪನ ಹಣೆಗೆ ಬರುತ್ತಿತ್ತು. ದಾವಣಗೆರೆಯ ಕೆ.ಬಿ. ಬಡಾವಣೆಯ ಆ ಕ್ರಾಸಿನಲ್ಲಿ ಯಾರು ಬಂದು ಗೇಟು ಬಡಿದರೂ ಅವರಿಗೆ ಕಾಣುತ್ತಿದ್ದುದು ಬಣ್ಣ ಹಚ್ಚಿದ ಒಂದು ಹಿಡಿ ಕರಿಗೂದಲು ಮಾತ್ರ. ಗ್ಯಾಸಿನವನು, ಕೊರಿಯರಿನವನು, ಮತದಾರರ ಪಟ್ಟಿ ಹಿಡಿದು ಬಂದ ಮೇಷ್ಟ್ರು, ಎಲ್ಲರೂ ಆ ಕೂದಲನ್ನು ಉದ್ದೇಶಿಸಿ ಕೇಳುತ್ತಿದ್ದ ಪ್ರಶ್ನೆ ಒಂದೇ.

"ಮನೇಲಿ ದೊಡ್ಡೋರು ಯಾರಾದ್ರೂ ಅದಾರೇನಪಾ?"

ಐವತ್ತನಾಲ್ಕು ವರ್ಷದ, ಮಗಳನ್ನು ಮದುವೆ ಮಾಡಿ ಕಳಿಸಿದ, ಟೈಲರುಗಳಿಗೆ ಗುಂಡಿ, ದಾರ, ಜಿಪ್ಪು, ಲೇಸು ಮಾರುವ ಅಂಗಡಿಯನ್ನು ಮೂವತ್ತು ವರ್ಷ ನಡೆಸಿದ ಮನುಷ್ಯ ಇದಕ್ಕೆ ಏನು ಉತ್ತರ ಕೊಡಬೇಕು? ಅವನು ಗೇಟು ತೆಗೆದು, ತನ್ನ ಐದಡಿ ಒಂದಿಂಚಿನ ಪೂರ್ತಿ ದರ್ಶನ ಕೊಟ್ಟು, "ನಾನೇರಿ" ಎನ್ನುತ್ತಿದ್ದ. ಬಂದವರು ಅವನ ತಲೆಯ ಮೇಲಿಂದ ಒಮ್ಮೆ ಒಳಗೆ ಇಣುಕಿ ನೋಡಿ ಆಮೇಲೆ ನಂಬುತ್ತಿದ್ದರು.

ಇಂಥವನು ಬಂದೂಕಿನ ತಂಟೆಗೆ ಹೋದದ್ದು ಚಹಾದ ದೆಸೆಯಿಂದ. ಹಿಂದಿನ ಕ್ರಾಸಿನಲ್ಲಿ ಬೀಗ ಹಾಕಿದ್ದ ಎರಡು ಮನೆಗಳಿಗೆ ಕಳ್ಳರು ಹಾಡಹಗಲೇ ನುಗ್ಗಿದ ಮೇಲೆ ಈ ಕ್ರಾಸಿನವರು ಒಂದು ಭಾನುವಾರ ಬೆಳಿಗ್ಗೆ ಸಭೆ ಸೇರಿದರು. ಸಭೆಯ ಮುಂದಾಳು ಚೌಡೇಶ್. ಮುರುಗೇಶಪ್ಪನ ಎದುರು ಮನೆಯವನು, ಕಾರುಗಳಿಗೆ ಸೀಟು ಕವರು, ದೀಪ, ಸ್ಟಿಕ್ಕರು ಹಾಕಿ ಸಿಂಗರಿಸುವ ಅಂಗಡಿ ಇಟ್ಟವನು. ಅವನು ಗಂಡಸರ ಹೆಸರು ಬರೆದುಕೊಂಡು ಕಾವಲಿನ ಪಾಳಿ ಹಂಚುತ್ತ ಬಂದ. ಮುರುಗೇಶಪ್ಪನ ಹೆಸರು ಬಂದಾಗ ಪೆನ್ನು ನಿಲ್ಲಿಸಿ, ಬಹಳ ಪ್ರೀತಿಯಿಂದ, "ಮುರುಗೇಶಣ್ಣಂಗೆ ಪಾಳಿ ಬ್ಯಾಡ. ಅಣ್ಣ ಚಾ ವ್ಯವಸ್ಥೆ ನೋಡ್ಕಳ್ಳಲಿ" ಎಂದ.

ಮುರುಗೇಶಪ್ಪ ಎದ್ದು ನಿಂತ. ಎದ್ದದ್ದು ಯಾರ ಗಮನಕ್ಕೂ ಬರಲಿಲ್ಲವಾದ್ದರಿಂದ ಎರಡು ಸಲ ಗಂಟಲು ಸರಿಮಾಡಿಕೊಂಡ.

"ನಮ್ಮ ಮನೇಲಿ ಬಂದೂಕು ಐತೆ," ಎಂದ. "ಜೋಡು ನಳಿಗೇದು. ಲೈಸೆನ್ಸು ನನ್ನ ಹೆಸರಿಗೇ ಐತೆ."

ಸಭೆ ಅವನ ಕಡೆ ತಿರುಗಿತು. ಆ ಕ್ರಾಸಿನ ಇತಿಹಾಸದಲ್ಲಿ ಅದು ಮೊದಲ ಸಲ.

"ಮೊದ್ಲೇ ಹೇಳೋದಲ್ವೇನಣ್ಣ," ಎಂದು ಚೌಡೇಶ್ ಪಾಳಿಯ ಪಟ್ಟಿಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡ. ಬಂದೂಕಿರುವ ಕ್ರಾಸಿನಲ್ಲಿ ಗಂಡಸರು ಕೋಲು ಹಿಡಿದು ತಿರುಗುವ ಅಗತ್ಯವೇನು? ಎಲ್ಲರೂ ಮುರುಗೇಶಪ್ಪನ ಕೈ ಕುಲುಕಿ ನೆಮ್ಮದಿಯಿಂದ ಬೆಣ್ಣೆ ದೋಸೆ ತಿನ್ನಲು ಹೋದರು.

ಅವನು ಹೇಳಿದ್ದರಲ್ಲಿ ಸುಳ್ಳು ಅರ್ಧ ಮಾತ್ರ. ಬಂದೂಕು ಇತ್ತು, ಮನೆಯಲ್ಲಿರಲಿಲ್ಲ. ಬಾತಿಯ ಕಬ್ಬಿನ ಗದ್ದೆಗೆ ನುಗ್ಗುವ ಹಂದಿಗಳನ್ನು ಓಡಿಸಲು ಕೊಟ್ರಪ್ಪನವರು ಇಟ್ಟುಕೊಂಡಿದ್ದ ಬಂದೂಕು ಅದು. ಅವರು ತೀರಿಕೊಂಡ ಮೇಲೆ ಊರಿನ ಬಂದೂಕು ವ್ಯಾಪಾರಿಯ ಕಬ್ಬಿಣದ ಕಪಾಟಿನಲ್ಲಿ ಜಮಾ ಆಗಿತ್ತು. ಕಚೇರಿಯಿಂದ ಕಚೇರಿಗೆ ಅಲೆದು ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಂಡ ಮುರುಗೇಶಪ್ಪ ಬಂದೂಕನ್ನು ಮಾತ್ರ ತಂದಿರಲಿಲ್ಲ. ತರಲು ಧೈರ್ಯ ಸಾಲದು, ಬಿಡಲು ಮನಸ್ಸು ಬಾರದು. ಮುಂದಿನ ತಿಂಗಳು ಲೈಸೆನ್ಸು ನವೀಕರಣವಾಗಬೇಕು. ಅದಕ್ಕೆ ಈತನಿಗೆ ಬಂದೂಕು ಹಿಡಿಯಲು ಬರುತ್ತದೆ ಎಂಬ ತರಬೇತಿ ಪತ್ರ ಬೇಕು. ಪತ್ರ ಸಿಗದಿದ್ದರೆ ಬಂದೂಕು ಸರ್ಕಾರದ ಪಾಲು. ಅಪ್ಪನದೆಂದು ಅವನಿಗೆ ಉಳಿದದ್ದು ಆ ಗೇಟು ಮತ್ತು ಈ ಬಂದೂಕು. ಗೇಟಿನ ಎದುರು ಅವನು ಆಗಲೇ ಸೋತಿದ್ದ. ಬಂದೂಕಿನ ಎದುರೂ ಸೋಲಲು ಅವನು ತಯಾರಿರಲಿಲ್ಲ.

ದಸರೆ ರಜೆ ಹತ್ತಿರ ಬಂದಂತೆ ಕ್ರಾಸಿನ ಮನೆಗಳ ಬೀಗದ ಕೈಗಳು ಒಂದೊಂದಾಗಿ ಮುರುಗೇಶಪ್ಪನ ಮನೆಗೆ ಬರತೊಡಗಿದವು. ಮೈಸೂರಿಗೆ ಹೊರಟವರು, ಗೋಕರ್ಣಕ್ಕೆ ಹೊರಟವರು, ಬರೀ ಹುಬ್ಬಳ್ಳಿಗೆ ಹೊರಟವರು ಕೂಡ ಕೀಲಿ ತಂದುಕೊಟ್ಟು ಕೈಮುಗಿದು ಹೋದರು. ಮೂರನೇ ಮನೆಯ ರೂಪಶ್ರೀ, ಮುಂದಿನ ತಿಂಗಳು ಹಸೆಮಣೆ ಏರುವ ಹುಡುಗಿ, ಕೀಲಿಯ ಜೊತೆಗೆ ಒಂದು ಸ್ಟೀಲ್ ಡಬ್ಬಿಯನ್ನೂ ತಂದಳು. ಒಳಗೆ ಅವಳ ಮದುವೆಯ ಒಡವೆ.

"ನಿಮ್ಮನೇಲಿ ಬಂದೂಕು ಐತಲ್ಲ ಅಂಕಲ್. ಅಮ್ಮ ಇಲ್ಲೇ ಇಡು ಅಂದ್ರು," ಎಂದಳು.

ಅವಳು ಅತ್ತ ಹೋದ ಮೇಲೆ ಮುರುಗೇಶಪ್ಪನ ಹೆಂಡತಿ ದ್ರಾಕ್ಷಾಯಣಮ್ಮ ಡಬ್ಬಿಯನ್ನು ಅಕ್ಕಿಯ ಡ್ರಮ್ಮಿನೊಳಗೆ ಹುಗಿದು ಬಂದು ಗಂಡನ ಮುಂದೆ ನಿಂತಳು.

"ಬಂದೂಕು ಇನ್ನೂ ಅಂಗಡ್ಯಾಗೇ ಐತೆ ಅಂತ ಯಾರಿಗಾದ್ರೂ ಹೇಳೀರಾ?"

ಮುರುಗೇಶಪ್ಪ ಅಂಗಿ ಹಾಕಿಕೊಂಡು ವ್ಯಾಪಾರಿಯ ಹತ್ತಿರ ಓಡಿದ.

ವ್ಯಾಪಾರಿ ಕಪಾಟು ತೆಗೆದು ಬಂದೂಕನ್ನು ಗಾಜಿನ ಕಟ್ಟೆಯ ಮೇಲಿಟ್ಟ. ಮುರುಗೇಶಪ್ಪ ಎತ್ತಿ ಹೆಗಲಿಗೆ ಆನಿಸಿದ. ನಳಿಗೆಯ ತುದಿ ನಿಧಾನವಾಗಿ ಬಾಗಿ ನೆಲ ನೋಡತೊಡಗಿತು. ಬೆರಳು ಟ್ರಿಗರಿಗೆ ಮುಟ್ಟಲಿಲ್ಲ. ಎಷ್ಟು ದೂರದಲ್ಲಿ ಉಳಿಯಿತೆಂದರೆ, ದಿನವಿಡೀ ಲೇಸು ಅಳೆಯುವ ಅವನ ಕಣ್ಣಿಗೆ ಅದು ಒಂದೂವರೆ ಇಂಚು ಎಂದು ನೋಡಿದ ಕೂಡಲೇ ಗೊತ್ತಾಯಿತು.

"ಸಾವ್ಕಾರ್ರೇ, ನಿಮ್ಮ ಮೈಗೆ ಇದು ದೊಡ್ಡದಾತು," ಎಂದ ವ್ಯಾಪಾರಿ. "ಇದನ್ನ ಕೊಟ್ಟು ಈ ಒಂಟಿ ನಳಿಗೇದು ತಗಳ್ರಿ. ಗಿಡ್ಡ ಐತೆ, ಹಗುರ ಐತೆ. ಹೆಣ್ಮಕ್ಳು, ವಯಸ್ಸಾದೋರು ಎಲ್ಲಾ ಇದನ್ನೇ ಒಯ್ತಾರೆ. ಆದ್ರೆ ಇದ್ದಿದ್ದು ಹೇಳ್ತೀನಿ, ಹಗುರ ಬಂದೂಕು ಜಾಸ್ತಿ ಒದೀತೈತೆ. ಭಾರದ್ದು ಕಮ್ಮಿ ಒದೀತೈತೆ, ಆದ್ರೆ ಅದನ್ನ ಎತ್ತಬೇಕಲ್ಲ."

ಪಾಪ, ಆತ ನಾಲ್ಕು ಮಾತು ನ್ಯಾಯವಾಗಿಯೇ ಹೇಳಿದ್ದ. ಆದರೆ ಮುರುಗೇಶಪ್ಪನ ಕಿವಿಗೆ ಬಿದ್ದದ್ದು ಹೆಣ್ಮಕ್ಳು, ವಯಸ್ಸಾದೋರು ಎಂಬ ಎರಡೇ ಶಬ್ದ.

"ನಮ್ಮಪ್ಪಂದೇ ಸಾಕು," ಎಂದು ಬಂದೂಕನ್ನು ತಬ್ಬಿಕೊಂಡು ಬಂದ.

ಮರುದಿನ ಕೊಂಡಜ್ಜಿ ಕಡೆಯ ಗುಡ್ಡದ ಬುಡದಲ್ಲಿ ನಾಗರಿಕರ ಬಂದೂಕು ತರಬೇತಿ ಇತ್ತು. ತರಬೇತುದಾರರು ನಿಲ್ಲುವ ರೀತಿ, ಹಿಡಿಯುವ ರೀತಿ, ತೋಟಾ ತುಂಬುವ ರೀತಿ ಎಲ್ಲ ಹೇಳಿಕೊಟ್ಟರು. ಮುರುಗೇಶಪ್ಪ ಕತ್ತು ಚಾಚಿ, ಹೊಟ್ಟೆ ಮುಂದೆ ಮಾಡಿ, ಬೆರಳ ತುದಿಯನ್ನು ಹೇಗೋ ಟ್ರಿಗರಿಗೆ ಸಿಕ್ಕಿಸಿ ಎಳೆದ. ಗುಡ್ಡ ಅದುರುವ ಹಾಗೆ ಸದ್ದಾಯಿತು. ಹೊಗೆ ಕರಗಿದಾಗ ಅವನು ಹಿಂದೆ ಮೂರು ಮಾರು ದೂರ, ನೀರಿನ ಕ್ಯಾನಿನ ಪಕ್ಕ, ಆಕಾಶ ನೋಡುತ್ತ ಮಲಗಿದ್ದ. ಗುರಿಯ ಹಲಗೆಗೆ ತೋಟಾದ ಒಂದು ಸೀಸದ ಕಾಳೂ ತಾಗಿರಲಿಲ್ಲ.

ತರಬೇತುದಾರರು ಅವನನ್ನು ಎಬ್ಬಿಸಿ ಕೂರಿಸಿ, ನೀರು ಕುಡಿಸಿ, ಮೃದುವಾಗಿ ಹೇಳಿದರು. "ನಿಮ್ಮ ಗುಂಡು ಎಲ್ಲಿ ಹೋತು ಅಂತ ಬರಿಯೋಕೆ ನಂಗೆ ಗೊತ್ತಿಲ್ಲ. ನೀವು ಎಲ್ಲಿ ಹೋದ್ರಿ ಅಂತ ಬೇಕಾದ್ರೆ ಬರೀಬಹುದು. ಹಬ್ಬ ಮುಗಿಸ್ಕಂಡು ಇನ್ನೊಂದು ಸಲ ಬರ್ರಿ."

ಹೆಗಲಿಗೆ ಅರಿಶಿನ ಹಚ್ಚಿಕೊಂಡು ಕೂತವನನ್ನು ನೋಡಲು ಸಂಜೆ ಚೌಡೇಶ್ ಬಂದ. ತೋಟಾ ತೆಗೆದಿಟ್ಟಿದ್ದ ಬಂದೂಕನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಕಾರಿನ ಬಾನೆಟ್ ಮುಚ್ಚಿದವನ ಹಾಗೆ ನಿಟ್ಟುಸಿರು ಬಿಟ್ಟ.

"ಅಣ್ಣ, ಇದು ಬೇಸಿಕ್ ಮಾಡಲ್ ಐತೆ. ಇದಕ್ಕೆ ಏನೂ ಹಾಕ್ಸೇ ಇಲ್ಲ ನೀನು."

ಮರುದಿನದಿಂದ ಹಾಕಿಸುವುದು ಶುರುವಾಯಿತು. ಒದೆತ ತಡೆಯಲು ಹಿಂಭಾಗಕ್ಕೆ ಸೀಟಿನ ಸ್ಪಂಜು ಬಂತು. ಸ್ಪಂಜು ಜಾರದಂತೆ ಅದರ ಮೇಲೆ ರೆಕ್ಸಿನ್ ಕವರು ಬಂತು. ಇದರಿಂದ ಬಂದೂಕು ಇನ್ನೂ ಎರಡಿಂಚು ಉದ್ದವಾಗಿ ಬೆರಳು ಟ್ರಿಗರಿನಿಂದ ಮತ್ತಷ್ಟು ದೂರ ಹೋಯಿತು. ಕಳ್ಳನ ಕಣ್ಣು ಕುಕ್ಕಲೆಂದು ನಳಿಗೆಯ ಕೆಳಗೆ ಮಂಜಿನಲ್ಲಿ ಹಚ್ಚುವ ಕಾರಿನ ದೀಪ ಬಂತು. ದೀಪಕ್ಕೆ ಬ್ಯಾಟರಿ ಬಂತು. ಭಾರಕ್ಕೆ ಬಂದೂಕು ಬಾಗಿದ್ದರಿಂದ ಹೆಗಲಿಗೆ ಸೀಟ್ ಬೆಲ್ಟಿನ ಪಟ್ಟಿ ಬಂತು. ಮುರುಗೇಶಪ್ಪ ಅದನ್ನು ತೊಟ್ಟು ನಡುಮನೆಯಲ್ಲಿ ನಿಂತರೆ ಬಂದೂಕು ಮಾತ್ರ ಕಾಣುತ್ತಿತ್ತು.

ದ್ರಾಕ್ಷಾಯಣಮ್ಮ ಸೊಪ್ಪು ಬಿಡಿಸುತ್ತ ಎಲ್ಲವನ್ನೂ ನೋಡಿದಳು. "ಅಂಗಿ ದೊಡ್ಡದಾತು ಅಂತ ಬಂದೋರಿಗೆ ಅದರ ಮ್ಯಾಲೆ ಲೇಸು ಹಚ್ಚಿ ಕಳಿಸ್ತೀರೇನ್ರಿ ನೀವು ಅಂಗಡ್ಯಾಗೆ? ಮೊದ್ಲು ಅಳತೆ ತೆಗೆಸ್ರಿ. ಕಡಿಯೋದಿದ್ರೆ ಕಡೀಸ್ರಿ."

ಈ ಮಾತು ಹಬ್ಬಕ್ಕೆಂದು ಹರಿಹರದಿಂದ ಬಂದು ಮಂಚದ ಮೇಲೆ ಕೂತಿದ್ದ ಸೋದರತ್ತೆ ಹಾಲಮ್ಮನ ಕಿವಿಗೆ ಬಿತ್ತು. ಕೊಟ್ರಪ್ಪನವರ ತಂಗಿ, ಎಂಬತ್ತು ವರ್ಷದ ಮುದುಕಿ. ಕಿವಿ ಬೇಕಾದಾಗ ಬಹಳ ಚುರುಕು.

"ನಮ್ಮಣ್ಣನ ಬಂದೂಕಿಗೆ ಗರಗಸ ಇಡ್ತೀರಾ? ಮೊದ್ಲು ನನ್ನ ಕೈ ಕೊಯ್ದು ಆಮ್ಯಾಲೆ ಅದನ್ನ ಕೊಯ್ರಿ," ಎಂದು, ಬಂದೂಕಿಗೆ ದೃಷ್ಟಿಯಾಗದಿರಲೆಂದು ಕರಿದಾರದಲ್ಲಿ ಒಂದು ನಿಂಬೆಹಣ್ಣು, ನಾಲ್ಕು ಮೆಣಸಿನಕಾಯಿ ಪೋಣಿಸಿ ತಾನೂ ಕಟ್ಟಿದಳು.

ಆಯುಧಪೂಜೆಯ ದಿನ ಬೆಳಿಗ್ಗೆ ಬಂದೂಕಿಗೆ ಸ್ನಾನವಿಲ್ಲದಿದ್ದರೂ ಉಳಿದ ಉಪಚಾರವೆಲ್ಲ ಆಯಿತು. ಪಡಸಾಲೆಯಲ್ಲಿ ಬಾಳೆಕಂದು ಕಟ್ಟಿ, ಮಣೆಯ ಮೇಲೆ ಅಂಗಡಿಯ ಕತ್ತರಿ, ಮೀಟರ್ ಕಡ್ಡಿ, ಮನೆಯ ಈಳಿಗೆ, ಮಿಕ್ಸಿ, ಎಲ್ಲದರ ನಡುವೆ ಬಂದೂಕನ್ನು ಮಲಗಿಸಿ ವಿಭೂತಿ ಬಳಿದು ಚೆಂಡುಹೂವಿನ ಹಾರ ಹಾಕಿದರು. ಮಂಗಳಾರತಿಯಾಯಿತು. ಇನ್ನು ನಾಳೆ ಬನ್ನಿ ತಂದು ಪೂಜೆ ಕದಲಿಸುವವರೆಗೆ ಇವ್ಯಾವನ್ನೂ ಯಾರೂ ಮುಟ್ಟುವಂತಿಲ್ಲ ಎಂದು ಹಾಲಮ್ಮ ಸಾರಿದಳು. ಹೊರಗೆ ಕ್ರಾಸಿನ ತುಂಬ ಬೂದುಗುಂಬಳ ಒಡೆದು ರಸ್ತೆಯೆಲ್ಲ ಕುಂಕುಮದ ಕೆಸರಾಗಿತ್ತು.

ಚೌಡೇಶ್ ಬಂದು ಫೋಟೋ ತೆಗೆದ. "ನಮ್ಮ ಕ್ರಾಸಿನ ಕಾವಲು. ಕಳ್ಳರೇ ಎಚ್ಚರ" ಎಂದು ಬರೆದು ಕ್ರಾಸಿನ ವಾಟ್ಸಪ್ ಗುಂಪಿಗೆ ಹಾಕಿದ. ಊರಿಗೆ ಹೋದವರು ಅಲ್ಲಲ್ಲಿಂದ ಕೈಮುಗಿದರು. ಫೋಟೋ ಅಲ್ಲಿಗೇ ನಿಂತಿದ್ದರೆ ಈ ಕಥೆಯೂ ನಿಲ್ಲುತ್ತಿತ್ತು. ಅದು ಎರಡನೇ ಗುಂಪಿಗೆ ಹೋದಾಗ ಬಂದೂಕು ಮೂರಾಗಿತ್ತು. ಐದನೇ ಗುಂಪಿಗೆ ಹೋಗುವಷ್ಟರಲ್ಲಿ ಕೆ.ಬಿ. ಬಡಾವಣೆಯ ಗುಂಡಿ ವ್ಯಾಪಾರಿಯ ಮನೆಯಲ್ಲಿ ದೀಪ ಜೋಡಿಸಿದ ಹೊಸ ನಮೂನೆಯ ಆಯುಧ ಪತ್ತೆಯಾಗಿತ್ತು. ಆರನೇ ಗುಂಪಿನಲ್ಲಿ ಎಸ್‌ಐ ನಾಗಭೂಷಣ್ ಇದ್ದರು.

ಮಧ್ಯಾಹ್ನ ಒಂದು ಗಂಟೆಗೆ ಹೂವು ಮುಡಿದ ಬೈಕೊಂದು ಬಂದು ನಿಂತಿತು. ಹೆಡ್ ಕಾನ್‌ಸ್ಟೇಬಲ್ ಚಾಂದ್ ಪಾಷಾ ಇಳಿದು ಗೇಟು ಬಡಿದು, ಮೇಲೆ ಕಂಡ ಕೂದಲಿಗೆ ಕೇಳಿದರು.

"ಮನೇಲಿ ದೊಡ್ಡೋರು ಯಾರಾದ್ರೂ ಅದಾರೇನಪಾ?"

ಒಳಗೆ ಬಂದು ಲೈಸೆನ್ಸು ನೋಡಿದರು. ಸರಿಯಿತ್ತು. ಬಂದೂಕು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಟೋಪಿ ತೆಗೆದು ಎಸ್‌ಐಗೆ ಫೋನು ಹಚ್ಚಿದರು. ಅತ್ತಲಿನ ಮಾತು ಇಡೀ ಪಡಸಾಲೆಗೆ ಕೇಳುತ್ತಿತ್ತು.

"ಸರ್, ಲೈಸೆನ್ಸ್ ಐತೆ. ಒಂದೇ ಐತೆ. ಖಾಲಿ ಐತೆ."

"ಫೋಟೋ ಹಿಂಗೆ ಊರಿಗೆಲ್ಲ ಹಂಚಿದ್ರೆ ಹೆಂಗ್ರೀ? ಬಂದೂಕು ತಗಂಡು ಠಾಣೆಗೆ ಬನ್ನಿ."

"ತಗಂಡು ಬರೋಕೆ ಆಗಲ್ಲ ಸರ್. ಪೂಜೆಗೆ ಇಟ್ಟಾರೆ. ಮಂಗಳಾರತಿ ಆಗೋಗೈತೆ."

ಠಾಣೆಯಲ್ಲೂ ಆಗ ತಾನೇ ಕೋವಿಗಳು, ಲಾಠಿಗಳು ಹಾರ ಹಾಕಿಕೊಂಡು ಸಾಲಾಗಿ ಕೂತಿದ್ದವು. ಪೂಜೆಗೆ ಇಟ್ಟ ಆಯುಧವನ್ನು ನಡುವೆ ಎತ್ತಿದ ಎಸ್‌ಐ ಎಂದು ಹೆಸರು ತೆಗೆದುಕೊಳ್ಳಲು ನಾಗಭೂಷಣ್ ಅವರಿಗೂ ಮನಸ್ಸಿರಲಿಲ್ಲ.

"ಕದಲಿಸೋದು ಯಾವಾಗಂತೆ?"

"ನಾಳೆ, ಬನ್ನಿ ಮುಡಿದ ಮೇಲೆ ಸರ್."

"ಹಂಗಾದ್ರೆ ಅಲ್ಲಿವರೆಗೂ ಅದರ ಮುಂದೆ ಕೂತ್ಕೊಳ್ಳಿ. ಕಣ್ಣು ತೆಗೀಬೇಡಿ."

ಚಾಂದ್ ಪಾಷಾ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪಡಸಾಲೆಯ ಬಾಗಿಲಲ್ಲಿ ಕೂತರು. ಮುರುಗೇಶಪ್ಪನಿಗೆ ಜೀವವೇ ಬಾಯಿಗೆ ಬಂದಿತ್ತು. ನಾಳೆ ಬಂದೂಕು ಠಾಣೆಗೆ ಹೋದರೆ ಮರಳಿ ಬರುವುದು ಅನುಮಾನ. ಒಂಬತ್ತು ಮನೆಯ ಕೀಲಿಗಳನ್ನು ಯಾವ ಮುಖ ಹೊತ್ತು ಹಿಂದೆ ಕೊಡುವುದು? ಆದರೆ ಬೀದಿಯವರು ಕಂಡದ್ದೇ ಬೇರೆ. ಹಬ್ಬಕ್ಕೆ ಊರಲ್ಲಿ ಉಳಿದಿದ್ದವರು ಒಬ್ಬೊಬ್ಬರಾಗಿ ಬಂದು ಇಣುಕಿ ಹೋದರು. ಅರ್ಧ ಗಂಟೆಯೊಳಗೆ, ಮುರುಗೇಶಣ್ಣನ ಬಂದೂಕಿಗೆ ಸರ್ಕಾರವೇ ಕಾವಲು ಕೊಟ್ಟಿದೆ ಎಂಬ ಸುದ್ದಿ ಗುಂಪಿನಲ್ಲಿ ಬಂತು. ಹಾಲಮ್ಮ ಇದ್ಯಾವುದನ್ನೂ ತಲೆಗೆ ಹಾಕಿಕೊಳ್ಳದೆ ಪೊಲೀಸಪ್ಪನಿಗೆ ಎಲೆ ಹಾಕಿಸಿ, ಹೋಳಿಗೆಯ ಮೇಲೆ ತುಪ್ಪ ಸುರಿಸಿ, "ತಿನ್ನಪಾ, ಹಬ್ಬದ ದಿನ ಮನಿ ಬಿಟ್ಟು ಬಂದಿಯಾ" ಎಂದು ನಾಲ್ಕನೆಯದನ್ನು ಹಾಕಿದಳು.

ಮೂರೂವರೆಗೆ ಮತ್ತೆ ಗೇಟು ಬಡಿದ ಸದ್ದಾಯಿತು. ಮುರುಗೇಶಪ್ಪ ಹೋಗಿ ನಿಂತ. ಆಚೆ ಇಬ್ಬರು, ಹೆಗಲ ಮೇಲೆ ಮಾರುವ ಬೆಡ್‌ಶೀಟಿನ ಗಂಟು.

"ಬೆಡ್‌ಶೀಟ್ ಬೇಕಾ? ಸಾಲಾಗಿ ಎಲ್ಲಾ ಮನೆಗೂ ಬೀಗ ಐತಲ್ಲ," ಎಂದ ಒಬ್ಬ. ಇನ್ನೊಬ್ಬ ಕೂದಲನ್ನು ನೋಡಿ ಕೇಳಿದ. "ಲೇ ಹುಡುಗ, ಮನೇಲಿ ದೊಡ್ಡೋರು ಯಾರಾದ್ರೂ ಅದಾರೇನಲೇ?"

ಈ ಪ್ರಶ್ನೆಗೆ ಜೀವನದಲ್ಲಿ ಮೊದಲ ಸಲ ಮುರುಗೇಶಪ್ಪನಿಗೆ ಸಂತೋಷದಿಂದ ಉತ್ತರ ಕೊಡುವಂತಾಯಿತು.

"ಅದಾರೆ. ಬರ್ರಿ," ಎಂದು ಗೇಟನ್ನು ಅಗಲವಾಗಿ ತೆರೆದ.

ಎದುರಿಗೆ ಪೂರ್ತಿ ಸಮವಸ್ತ್ರದಲ್ಲಿ, ಕೈಯಲ್ಲಿ ಐದನೇ ಹೋಳಿಗೆ ಹಿಡಿದು ಚಾಂದ್ ಪಾಷಾ ಕೂತಿದ್ದರು. ಬೆಡ್‌ಶೀಟಿನವರು ಅವರನ್ನು ನೋಡಿದರು. ಅವರು ಬೆಡ್‌ಶೀಟಿನವರನ್ನು ನೋಡಿದರು. ಗಂಟು ಕೆಳಗೆ ಬಿದ್ದು ಒಳಗಿನಿಂದ ಕಬ್ಬಿಣದ ಸರಳೊಂದು ಠಣ್ಣೆಂದು ಉರುಳಿತು. ಇಬ್ಬರೂ ಓಡಿದರು. ಹಬ್ಬವಲ್ಲದ ದಿನವಾಗಿದ್ದರೆ ತಪ್ಪಿಸಿಕೊಳ್ಳುತ್ತಿದ್ದರೇನೋ. ಮುಂದಿನವನು ಚೌಡೇಶನ ಕಾರಿನ ಮುಂದೆ ಒಡೆದ ಬೂದುಗುಂಬಳದ ಮೇಲೆ ಕಾಲಿಟ್ಟ. ಹಿಂದಿನವನು ಮುಂದಿನವನ ಮೇಲೆ ಬಿದ್ದ. ಇಬ್ಬರ ಮೇಲೂ ಚಾಂದ್ ಪಾಷಾ ಬಂದು ಕೂತರು. ಐದು ಹೋಳಿಗೆ ತಿಂದ ಮನುಷ್ಯನನ್ನು ಎತ್ತಿ ಏಳುವುದು ಅವರಿಂದಾಗಲಿಲ್ಲ.

ಸಂಜೆ ಎಸ್‌ಐ ನಾಗಭೂಷಣ್ ತಾವೇ ಬಂದರು. ಹಿಂದಿನ ಕ್ರಾಸಿನ ಕಳ್ಳತನವೂ ಇವರದೇ ಎಂದು ಗೊತ್ತಾಗಿ ಖುಷಿಯಲ್ಲಿದ್ದರು. ಪಡಸಾಲೆಯ ಬಂದೂಕಿನ ಮುಂದೆ ನಿಂತು ಸ್ಪಂಜು, ದೀಪ, ಬೆಲ್ಟು, ನಿಂಬೆಹಣ್ಣು ಎಲ್ಲ ನೋಡಿ, "ಇದೇನು ಬಂದೂಕೋ, ಮದುವೆ ಕಾರೋ?" ಎಂದರು. ಚೌಡೇಶ್ ಬಾಗಿಲ ಮರೆಗೆ ಸರಿದ.

"ನೋಡಿ ಮುರುಗೇಶಪ್ಪ. ಇವತ್ತಿನ ಉಪಕಾರಕ್ಕೆ ಬಂದೂಕು ಒಯ್ಯಲ್ಲ. ಒಂದು ವಾರ ಕೊಡ್ತೀನಿ. ಈ ಸಿಂಗಾರ ಎಲ್ಲ ತೆಗೆಸಿ, ನಿಮ್ಮ ಮೈಗೆ ಹೊಂದಿಸಿಕೊಂಡು, ತರಬೇತಿ ಪತ್ರ ತಂದುಕೊಡಿ. ಇಲ್ಲದಿದ್ರೆ ಈತನಿಗೆ ಹಿಡಿಯೋಕೆ ಬರಲ್ಲ ಅಂತ ನಾನೇ ಬರೀಬೇಕಾಗುತ್ತೆ."

ಹೊರಡುವ ಮುಂಚೆ ಚಾಂದ್ ಪಾಷಾ ಮುರುಗೇಶಪ್ಪನನ್ನು ಪಕ್ಕಕ್ಕೆ ಕರೆದರು. "ಹರಿಹರದಾಗೆ ನಮ್ಮ ಮಾಮು ಹಯಾತ್ ಸಾಬ್ ಅಂತ ಅದಾರೆ. ಬಂದೂಕು ರಿಪೇರಿ ಲೈಸೆನ್ಸು ಅವರ ಅಬ್ಬಾನ ಕಾಲದಿಂದ ಐತೆ. ನಾಳೆ ನಂಗೆ ರಜಾ. ನಾನೇ ಕರ್ಕಂಡು ಹೋಗ್ತೀನಿ. ನಿಮ್ಮನೆ ಹೋಳಿಗೆ ತಿಂದೀನಲ್ಲ."

ಮರುದಿನ ಬನ್ನಿ ಹಂಚಿ, ಪೂಜೆ ಕದಲಿಸಿ, ಹಾಲಮ್ಮನನ್ನು ಊರಿಗೆ ಬಿಡುವ ನೆಪವೂ ಕೂಡಿಕೊಂಡು ಎಲ್ಲರೂ ಚೌಡೇಶನ ಕಾರಿನಲ್ಲಿ ಹರಿಹರಕ್ಕೆ ಹೋದರು. ಹಾಲಮ್ಮ ದಾರಿಯುದ್ದಕ್ಕೂ ಬಂದೂಕಿನ ಹಿಂಭಾಗವನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು.

ಹಯಾತ್ ಸಾಬ್ ಎಪ್ಪತ್ತು ದಾಟಿದ, ಬಿಳಿ ಗಡ್ಡದ, ಮಾತು ಕಡಿಮೆಯ ಮನುಷ್ಯ. ಬಂದೂಕನ್ನು ಬಟ್ಟೆಯ ಮೇಲಿಟ್ಟುಕೊಂಡು ಒಂದೊಂದೇ ಬಿಚ್ಚಿದರು. "ಇದು ಕಾರಿಂದು. ಇದೂ ಕಾರಿಂದು. ಇದು ಅಡಿಗೆ ಮನೇದು," ಎಂದು ನಿಂಬೆಹಣ್ಣನ್ನು ಹಾಲಮ್ಮನ ಕೈಗೆ ಕೊಟ್ಟರು. ಆಮೇಲೆ ಮುರುಗೇಶಪ್ಪನನ್ನು ಎದುರು ನಿಲ್ಲಿಸಿದರು.

"ಮೊಣಕೈ ಮಡಚ್ರಿ. ನೋಡ್ರಿ, ಬಂದೂಕಿನ ಈ ಮರಕ್ಕೆ ಕುಂದಾ ಅಂತೀವಿ. ಅದರ ತುದಿ ಮೊಣಕೈ ಮಡಿಕೇಲಿ ಇಟ್ರೆ ಬೆರಳು ಸೀದಾ ಟ್ರಿಗರಿಗೆ ಹೋಗ್ಬೇಕು. ಒಬ್ಬರ ಅಂಗಿ ಇನ್ನೊಬ್ಬರಿಗೆ ಆಗಲ್ಲ, ಇದೂ ಹಂಗೇ. ಒದೀತು ಅಂದ್ರಲ್ಲ, ಅದು ಒದ್ದಿದ್ದಲ್ಲ. ನಿಮಗೆ ಅದನ್ನ ಹತ್ರ ಕರ್ಕಳ್ಳೋಕೆ ಆಗ್ಲಿಲ್ಲ. ಒಂದೂವರೆ ಇಂಚು ಕಮ್ಮಿ ಆಗ್ಬೇಕು."

"ಗರಗಸ ಮುಟ್ಟಬ್ಯಾಡ," ಎಂದಳು ಹಾಲಮ್ಮ.

"ಮುಟ್ಟಲ್ಲಮ್ಮ. ತಗಡು ತೆಗೆದು ನೋಡ್ತೀನಿ ಅಷ್ಟೇ."

ಕುಂದಾದ ತುದಿಯ ತಗಡಿಗೆ ಎರಡು ಸ್ಕ್ರೂ. ಅವನ್ನು ಬಿಚ್ಚಿ ತಗಡು ತೆಗೆದವರು ಹಾಗೇ ನಿಂತುಬಿಟ್ಟರು. ಕನ್ನಡಕ ಏರಿಸಿ, ಕಿಟಕಿಯ ಬೆಳಕಿಗೆ ಹಿಡಿದು, ಮರದ ಮೇಲೆ ಹೆಬ್ಬೆರಳಾಡಿಸಿದರು. ಮೆರುಗಿನ ಕೆಳಗೆ ಕೂದಲೆಳೆಯಷ್ಟು ಸಣ್ಣ ಗೆರೆ. ಅದರ ಪಕ್ಕ ಒತ್ತಿದ ಮೂರು ಚುಕ್ಕಿ.

"ಇದು ನಮ್ಮ ಅಬ್ಬಾನ ಕೆಲಸ," ಎಂದರು. "ಅವರು ಜೋಡಿಸಿದ್ದು ಹಿಂಗೇ, ಗೊತ್ತೇ ಆಗಬಾರದು. ಇದು ಒಂದೇ ಮರ ಅಲ್ಲ. ಯಾರಿಗೋ ಸಾಲಲ್ಲ ಅಂತ ತುದಿಗೆ ತುಂಡು ಕೂಡ್ಸಿ ಉದ್ದ ಮಾಡ್ಯಾರೆ."

ಒಳಗೆ ಇನ್ನೂ ಎರಡು ಉದ್ದನೆಯ ಸ್ಕ್ರೂ ಇದ್ದವು. ಎಣ್ಣೆ ಬಿಟ್ಟು, ಕಾದು, ಮೆಲ್ಲಗೆ ತಿರುಗಿಸಿದರು. ಗರಗಸದ ಮಾತೇ ಇಲ್ಲದೆ ಒಂದು ಮರದ ತುಂಡು ಅವರ ಅಂಗೈಗೆ ಬಂದು ಬಿತ್ತು. ಮುರುಗೇಶಪ್ಪನಿಗೆ ಅದನ್ನು ಅಳೆದು ನೋಡುವ ಅಗತ್ಯವಿರಲಿಲ್ಲ. ಹಯಾತ್ ಸಾಬ್ ಬಂದೂಕನ್ನು ತಿರುಗಿಸಿ ಅವನ ಮುಂದೆ ಹಿಡಿದರು. ಇಷ್ಟು ವರ್ಷ ಮುಚ್ಚಿಹೋಗಿದ್ದ ಹಳೆಯ ಮರದ ಮೇಲೆ ಕಾದ ಮೊಳೆಯಿಂದ ಸುಟ್ಟು ಬರೆದ ಅಕ್ಷರಗಳಿದ್ದವು. ಮುರುಗೇಶಪ್ಪ, ಬಾತಿ.

ಅವನು ತನ್ನ ಹೆಸರನ್ನು ಎರಡು ಸಲ ಓದಿದ. ಚೌಡೇಶ್ ಬಗ್ಗಿ ತಾನೂ ಒಮ್ಮೆ ಓದಿದ.

"ನಮ್ಮಪ್ಪ," ಎಂದಳು ಹಾಲಮ್ಮ. "ಬಂದೂಕು ತಂದೋನೇ ನಮ್ಮಪ್ಪ. ನಿನ್ನಷ್ಟೇ ಇದ್ದ, ನಿಂಗಿಂತ ಅರ್ಧ ಬೆರಳು ಕಮ್ಮೀನೇ ಇದ್ದ. ಅಣ್ಣ ನಮ್ಮವ್ವನ ಕಡೆಯೋರಂಗೆ ಉದ್ದ ಆದ. ಅಪ್ಪ ಹೋದ ಮ್ಯಾಲೆ ಅವನು ಮಾಡ್ಸಿರ್ಬೇಕು ಇದನ್ನ."

"ಮತ್ತೆ ಇಷ್ಟು ದಿನ ಯಾಕ ಹೇಳ್ಲಿಲ್ಲತ್ತೆ?" ಎಂದ ಮುರುಗೇಶಪ್ಪ.

"ಯಾರು ಕೇಳಿದ್ರಿ ನನ್ನ?" ಎಂದಳು ಮುದುಕಿ. "ನಿಂಗೆ ಅವನ ಹೆಸರು ಸುಮ್ನೆ ಇಟ್ಟಾರೆ ಅನ್ಕಂಡಿದ್ದೇನು? ಹುಟ್ಟಿದಾಗ ಅಣ್ಣ ನಿನ್ನ ಎತ್ಕಂಡು ನೋಡಿ, ನಮ್ಮಪ್ಪನೇ ಬಂದ ಕಣೇ ಅಂದ. ಕಣ್ಣೀರು ಹಾಕ್ಕಂಡಿದ್ದ."

ಮುರುಗೇಶಪ್ಪ ಬಂದೂಕನ್ನು ಹೆಗಲಿಗೆ ಆನಿಸಿದ. ಅದು ಬಂದು ಕೂತಿತು. ನಳಿಗೆ ಬಾಗಲಿಲ್ಲ, ಬೆರಳು ತಾನಾಗಿ ಟ್ರಿಗರಿನ ಹತ್ತಿರ ಹೋಗಿ ನಿಂತಿತು. ಅವನ ಕಣ್ಣು ತುಂಬಿ ಗುರಿ ಕಾಣದಾಯಿತು. ದೊಡ್ಡವರ ವಸ್ತು ತನಗೆ ದಕ್ಕುವುದಿಲ್ಲವೆಂದು ಐವತ್ತನಾಲ್ಕು ವರ್ಷ ಹೆದರಿದ್ದ. ಅದು ತನ್ನ ಅಳತೆಯಲ್ಲೇ ಹುಟ್ಟಿತ್ತು. ಹಯಾತ್ ಸಾಬರ ಎರಡೂ ಕೈ ಹಿಡಿದುಕೊಂಡು ಏನೋ ಹೇಳಹೋದ. ಅವರೇ ಹೇಳಿದರು.

"ನಂಗೆ ಯಾಕ ಹೇಳ್ತೀರಿ. ಇವತ್ತು ನಮ್ಮ ಅಬ್ಬಾನ ಕೈ ಮುಟ್ಟಿದಂಗಾತು ನಂಗೆ. ನಾನೇ ನಿಮಗೆ ಶುಕ್ರಿಯಾ ಹೇಳ್ಬೇಕು."

ತುದಿಗೆ ಒಂದು ತೆಳ್ಳನೆಯ ರಬ್ಬರು, ಹೆಗಲಿಗೆ ಒಂದು ಸಾದಾ ಕ್ಯಾನ್ವಾಸ್ ಪಟ್ಟಿ ಹಾಕಿದರು. ಇಷ್ಟೇ ಸಾಕು ಎಂದರು. ಮರದ ತುಂಡನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. "ಇದನ್ನ ಬಿಸಾಕಬ್ಯಾಡ್ರಿ. ನಿಮ್ಮನೇಲಿ ಮತ್ತೆ ಉದ್ದದೋರು ಯಾರಾದ್ರೂ ಹುಟ್ಟಿದ್ರೆ ಬೇಕಾಗ್ತೈತೆ."

ಮುಂದಿನ ಭಾನುವಾರ ಕೊಂಡಜ್ಜಿಯಲ್ಲಿ ಮುರುಗೇಶಪ್ಪ ಎರಡು ಗುಂಡು ಹಾರಿಸಿದ. ಎರಡೂ ಹಲಗೆಗೆ, ಅದೂ ಅವನದೇ ಹಲಗೆಗೆ ತಾಗಿದವು. ಅವನು ನಿಂತಲ್ಲೇ ನಿಂತಿದ್ದ. ನೀರಿನ ಕ್ಯಾನನ್ನು ಮುಂಜಾಗ್ರತೆಯಿಂದ ಬೇರೆ ಕಡೆ ಇಟ್ಟಿದ್ದ ತರಬೇತುದಾರರು ಸಹಿ ಮಾಡಿ ಪತ್ರ ಕೊಟ್ಟರು.

ಊರಿಂದ ಮರಳಿದವರು ಕೀಲಿ ಒಯ್ಯಲು ಬಂದು ಕಳ್ಳರನ್ನು ಹಿಡಿದ ಕಥೆ ಕೇಳಿ ಅವನಿಗೆ ಕೈಮುಗಿದರು. ಅವನು ಪ್ರತಿಯೊಬ್ಬರಿಗೂ ತಿರುಗಿ ಕೈಮುಗಿದು, ಹಿಡಿದದ್ದು ಚಾಂದ್ ಪಾಷಾ ಅವರು, ಬೀಳಿಸಿದ್ದು ಚೌಡೇಶನ ಕುಂಬಳಕಾಯಿ, ಕೂರಿಸಿದ್ದು ನಮ್ಮತ್ತೆಯ ಹೋಳಿಗೆ, ಬಂದೂಕು ಅವತ್ತು ಮಲಗಿತ್ತು ಎಂದು ಇದ್ದದ್ದು ಇದ್ದಂತೆ ಹೇಳಿದ. ಯಾರೂ ನಂಬಲಿಲ್ಲ. ದೊಡ್ಡ ಮನುಷ್ಯರ ವಿನಯವೇ ಹೀಗೆ ಎಂದುಕೊಂಡು ಹೋದರು. ರೂಪಶ್ರೀಯ ತಾಯಿ ಅಕ್ಕಿಯ ಧೂಳು ಹತ್ತಿದ್ದ ಡಬ್ಬಿಯನ್ನು ಎದೆಗೊತ್ತಿಕೊಂಡು ಮದುವೆಯ ಮೊದಲ ಲಗ್ನಪತ್ರಿಕೆಯನ್ನು ಅವನ ಕೈಗೆ ಕೊಟ್ಟರು.

ಹಾಲಮ್ಮ ಪೆಟ್ಟಿಗೆಯ ತಳದಿಂದ ಹುಡುಕಿ ಕಳಿಸಿದ ಒಂದು ಫೋಟೋ ಈಗ ಪಡಸಾಲೆಯಲ್ಲಿ ಕೊಟ್ರಪ್ಪನವರ ಫೋಟೋದ ಪಕ್ಕ ಇದೆ. ದೊಡ್ಡ ಕುರ್ಚಿಯಲ್ಲಿ ಮೀಸೆ ತಿರುವಿ ಕೂತ ಗಂಭೀರ ಪುರುಷ, ಪಕ್ಕಕ್ಕೆ ಒರಗಿಸಿದ ಜೋಡು ನಳಿಗೆಯ ಬಂದೂಕು. ದ್ರಾಕ್ಷಾಯಣಮ್ಮ ಮೊದಲು ಗಮನಿಸಿ ತೋರಿಸಿದಳು: ಅಜ್ಜನ ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ಕೆಳಗೆ ಒಂದು ಮಣೆ ಇಟ್ಟಿದ್ದರು. ಮರದ ತುಂಡು ಅಪ್ಪನ ಫೋಟೋದ ಮುಂದಿದೆ. ದಿನಾ ಬೆಳಿಗ್ಗೆ ಅಂಗಡಿಗೆ ಹೋಗುವ ಮೊದಲು ಮುರುಗೇಶಪ್ಪ ಇಬ್ಬರಿಗೂ ಒಂದೊಂದು ಹೂವಿಡುತ್ತಾನೆ.

ಗೇಟನ್ನು ಮಾತ್ರ ಅವನು ಕಡಿಸಲಿಲ್ಲ. ಮೊನ್ನೆ ಹೊಸ ಕೊರಿಯರಿನವನೊಬ್ಬ ಬಂದು ಬಡಿದ. ಒಳಗೆ ಎದ್ದು ಬಂದ ಕೂದಲನ್ನು ನೋಡಿ ಎಲ್ಲರೂ ಕೇಳುವುದನ್ನೇ ಕೇಳಿದ.

"ಮನೇಲಿ ದೊಡ್ಡೋರು ಯಾರಾದ್ರೂ ಅದಾರೇನಪಾ?"

"ಇಬ್ರು ಮುರುಗೇಶಪ್ಪ ಅದೀವಿ," ಎಂದು ಮುರುಗೇಶಪ್ಪ ಗೇಟು ತೆಗೆದ. "ಬರ್ರಿ. ನಿಮಗೆ ಯಾರು ಬೇಕಿತ್ತು?"